ತೆಳು ತಗಡಿನ ಬಲಾಬಲ: ಸ್ಟೇನ್‌ಲೆಸ್ ಉಕ್ಕಿನ ಬೋಲ್ಟು ಕೂಡಿಕೆಗಳು

(ಕೊಳ್ಳೇಗಾಲದಲ್ಲಿ ನೀಡಿದ ದತ್ತಿ ಉಪನ್ಯಾಸದ ಲಿಖಿತ ರೂಪ)



ಮಲೆ ಮಹದೇಶ್ವರ, ಮಂಟೇಸ್ವಾಮಿ ಕಾವ್ಯಗಳನ್ನು ರಾತ್ರಿಯಿಡೀ ಕೂತು ಕೇಳುವ ಸೀಮೆ ಕೊಳ್ಳೇಗಾಲ. ಇಲ್ಲಿ ದತ್ತಿ ಉಪನ್ಯಾಸವೆಂದರೆ ಜನ ಸಾಹಿತ್ಯವನ್ನೇ ನಿರೀಕ್ಷಿಸುತ್ತಾರೆ. ದತ್ತಿದಾನಿಗಳು ಮಾತ್ರ ಎಂಜಿನಿಯರಿಂಗ್ ವಿಷಯವೂ ಕನ್ನಡದಲ್ಲಿ, ಎಲ್ಲರೆದುರು, ವಿವರವಾಗಿ ಚರ್ಚೆಯಾಗಲಿ ಎಂದು ಬಯಸಿದ್ದಾರೆ. ಅವರ ಆಶಯ ದೊಡ್ಡದು. ಅದಕ್ಕಾಗಿಯೇ ನಾನು ಒಂದು ಚಿಕ್ಕ ಜಾಗವನ್ನು ಆರಿಸಿಕೊಂಡಿದ್ದೇನೆ: ಎರಡು ತೆಳು ಸ್ಟೇನ್‌ಲೆಸ್ ತಗಡುಗಳನ್ನು ಬೋಲ್ಟು ಹಾಕಿ ಬಿಗಿದಾಗ ಆ ತೂತಿನ ಸುತ್ತ ಏನಾಗುತ್ತದೆ ಎಂಬುದು.

ನಾನು ಹೇಳಬೇಕಾದ ಮುಖ್ಯ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ತೆಳು ತಗಡಿನಲ್ಲಿ ಕೂಡಿಕೆಯ ಬಲವನ್ನು ತೀರ್ಮಾನಿಸುವುದು ಬೋಲ್ಟಲ್ಲ, ತೂತಿನ ಸುತ್ತಲಿನ ತಗಡು. ಆ ತಗಡು ಎಷ್ಟೋ ಸಲ ಹರಿಯುವುದಕ್ಕೆ ಮುಂಚೆಯೇ ತುದಿಯಲ್ಲಿ ಎದ್ದುಕೊಳ್ಳುತ್ತದೆ. ಇದನ್ನು ಗಮನಿಸದೆ ಇನ್ನೂ ಗಟ್ಟಿ ದರ್ಜೆಯ ಬೋಲ್ಟು ಹಾಕಿದರೆ ಖರ್ಚು ಹೆಚ್ಚುತ್ತದೆ, ಬಲ ಹೆಚ್ಚುವುದಿಲ್ಲ.

ಕಲ್ಲು, ರಿವೆಟ್ಟು, ಬೋಲ್ಟು

ಕಟ್ಟುವ ವಿದ್ಯೆ ಎಂದರೆ ಮುಖ್ಯವಾಗಿ ಕೂಡಿಸುವ ವಿದ್ಯೆ. ಅದರ ಚರಿತ್ರೆ ನಮ್ಮ ಸುತ್ತಲೇ ಇದೆ. ಶಿವನಸಮುದ್ರದಲ್ಲಿ ಕಾವೇರಿಗೆ ಅಡ್ಡಲಾಗಿರುವ ವೆಲ್ಲೆಸ್ಲಿ ಸೇತುವೆಯನ್ನು 1830ರ ದಶಕದ ಆರಂಭದಲ್ಲಿ ರಾಮಸ್ವಾಮಿ ಮೊದಲಿಯಾರರು ಕಟ್ಟಿಸಿದರು. ಸಾಲು ಕಲ್ಲುಕಂಬ, ಅವುಗಳ ಮೇಲೆ ಕಲ್ಲುತೊಲೆ, ಅದರ ಮೇಲೆ ಚಪ್ಪಡಿ. ಅಲ್ಲಿ ಕಲ್ಲಿನ ಭಾರವೇ ಕೂಡಿಕೆ. ಮೇಲಿಂದ ಬೀಳುವ ಹೊರೆ ಹೆಚ್ಚಿದಷ್ಟೂ ಕಲ್ಲು ಕಲ್ಲಿನ ಮೇಲೆ ಇನ್ನಷ್ಟು ಬಿಗಿಯಾಗಿ ಕೂರುತ್ತದೆ. ಪಕ್ಕದಿಂದ ಪ್ರವಾಹ ನೂಕಿದಾಗ ಮಾತ್ರ ಆ ಕೂಡಿಕೆಗೆ ಆಸರೆ ಕಡಿಮೆ. 2018ರ ನೆರೆಯಲ್ಲಿ ಆ ಸೇತುವೆಯ ಒಂದು ಭಾಗ ಕೊಚ್ಚಿಹೋದುದನ್ನು ನೀವು ಕಂಡಿದ್ದೀರಿ.

ಅದೇ ಶಿವನಸಮುದ್ರದಲ್ಲಿ 1902ರಲ್ಲಿ ವಿದ್ಯುತ್ ಉತ್ಪಾದನೆ ಶುರುವಾಯಿತು. ಅಲ್ಲಿಂದ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹರಿಯಿತು. ಆ ಕಾಲದಲ್ಲಿ ಉಕ್ಕಿನ ತಗಡನ್ನು ತಗಡಿಗೆ ಕೂಡಿಸುವ ದಾರಿ ರಿವೆಟ್ಟು. ಕೆಂಪಗೆ ಕಾಸಿದ ರಿವೆಟ್ಟನ್ನು ತೂತಿನೊಳಗೆ ತೂರಿಸಿ ಹೊಡೆದರೆ ಅದು ತೂತನ್ನು ಪೂರ್ತಿ ತುಂಬಿಕೊಳ್ಳುತ್ತಿತ್ತು, ಆರುವಾಗ ಕುಗ್ಗಿ ತಗಡುಗಳನ್ನು ಒಂದಕ್ಕೊಂದು ಅದುಮುತ್ತಿತ್ತು. ಬೋಲ್ಟು ಹಾಗಲ್ಲ. ಅದು ಸಲೀಸಾಗಿ ತೂರಬೇಕಾದರೆ ತೂತು ಬೋಲ್ಟಿಗಿಂತ ಒಂದೆರಡು ಮಿಲಿಮೀಟರ್ ದೊಡ್ಡದಿರಬೇಕು. ಸಾಧಾರಣವಾಗಿ ಬಿಗಿದ ಬೋಲ್ಟಿನ ಮೇಲೆ ಹೊರೆ ಬಂದಾಗ ತಗಡು ಮೊದಲು ಆ ಸಂದಿನಷ್ಟು ಜಾರುತ್ತದೆ, ಆಮೇಲೆ ತೂತಿನ ಅಂಚು ಬೋಲ್ಟಿಗೆ ಒತ್ತಿ ನಿಲ್ಲುತ್ತದೆ. ನಮ್ಮ ವಿಷಯ ಶುರುವಾಗುವುದು ಆ ಒತ್ತುವ ಜಾಗದಲ್ಲಿ.

ಬೆಸುಗೆ ಹಾಕಬಹುದಲ್ಲ ಎಂದು ಯಾರಾದರೂ ಕೇಳಬಹುದು. ಹಾಕಬಹುದು, ಹಾಕುತ್ತಾರೆ. ಸ್ಟೇನ್‌ಲೆಸ್ ಉಕ್ಕಿಗೆ ಶಾಖ ಸಾಗಿಸುವ ಗುಣ ಸಾಮಾನ್ಯ ಕಬ್ಬಿಣದ ಸುಮಾರು ಮೂರನೆಯ ಒಂದು ಭಾಗ ಮಾತ್ರ. ಬಿಸಿಗೆ ಹಿಗ್ಗುವುದು ಮಾತ್ರ ಹೆಚ್ಚು. ಬಿಸಿ ಒಂದೇ ಕಡೆ ನಿಂತು ತೆಳು ಶೀಟು ಸೊಟ್ಟಗಾಗುತ್ತದೆ. ಬಿಚ್ಚಿ ತೊಳೆಯಬೇಕಾದ, ಬದಲಿಸಬೇಕಾದ, ಬೆಟ್ಟದ ಮೇಲೆ ಹೊತ್ತೊಯ್ದು ಜೋಡಿಸಬೇಕಾದ ಕಡೆಯೂ ಬೋಲ್ಟೇ ಗತಿ.

ಸ್ಟೇನ್‌ಲೆಸ್ ಯಾಕೆ ಬೇರೆ

1912ರ ಸುಮಾರಿಗೆ ಜರ್ಮನಿಯ ಕ್ರುಪ್ ಕಾರ್ಖಾನೆಯಲ್ಲಿ, 1913ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಹ್ಯಾರಿ ಬ್ರಿಯರ್ಲಿಯ ಕೈಯಲ್ಲಿ ಬೇರೆ ಬೇರೆ ಬಗೆಯ ತುಕ್ಕು ಹಿಡಿಯದ ಉಕ್ಕು ರೂಪುಗೊಂಡಿತು. ಮಹದೇಶ್ವರ ಬೆಟ್ಟದಿಂದ ಪಾಲಾರ್ ದಾಟಿ ಮೆಟ್ಟೂರಿನ ದಾರಿ ಹಿಡಿದರೆ ಸೇಲಂ ಸಿಗುತ್ತದೆ. ಅಲ್ಲಿನ ಸರ್ಕಾರಿ ಉಕ್ಕಿನ ಕಾರ್ಖಾನೆ 1980ರ ದಶಕದ ಆರಂಭದಿಂದ ಸ್ಟೇನ್‌ಲೆಸ್ ಶೀಟು ಉರುಳಿಸುತ್ತಿದೆ. ನಮ್ಮ ಅಂಗಡಿಗಳಲ್ಲಿ 304 ಎಂದು ಕರೆಯುವ ದರ್ಜೆಯಲ್ಲಿ ನೂರಕ್ಕೆ ಸುಮಾರು 18 ಭಾಗ ಕ್ರೋಮಿಯಂ, 8 ಭಾಗ ನಿಕ್ಕೆಲ್ ಇರುತ್ತದೆ. 202ರಲ್ಲಿ ನಿಕ್ಕೆಲ್ ಕಡಿಮೆ ಮಾಡಿ ಮ್ಯಾಂಗನೀಸ್ ಸೇರಿಸಿರುತ್ತಾರೆ, ಹಾಗಾಗಿ ಅಗ್ಗ.

ಒಂದು ನಂಬಿಕೆಯನ್ನು ಇಲ್ಲಿ ತಿದ್ದಬೇಕು. ಆಯಸ್ಕಾಂತ ಹಿಡಿದು ನೋಡಿ, ಅಂಟದಿದ್ದರೆ 304 ಎಂದು ನಿಶ್ಚಯಿಸುತ್ತಾರೆ. 202 ಕೂಡ ಆಯಸ್ಕಾಂತಕ್ಕೆ ಅಂಟುವುದಿಲ್ಲ. ಒಳ್ಳೆಯ 304 ಶೀಟನ್ನು ಬಗ್ಗಿಸಿದ ಮೂಲೆಯಲ್ಲಿ, ಪಂಚ್ ಮಾಡಿದ ತೂತಿನ ಅಂಚಿನಲ್ಲಿ ಆಯಸ್ಕಾಂತ ಸ್ವಲ್ಪ ಅಂಟುವುದೂ ಉಂಟು, ಏಕೆಂದರೆ ಹೀಗೆ ಬಗ್ಗಿಸಿದ, ಒತ್ತಿದ ಜಾಗದಲ್ಲಿ ಅದರ ಒಳರಚನೆ ಬದಲಾಗುತ್ತದೆ. ಆದ್ದರಿಂದ ದರ್ಜೆಯನ್ನು ಆಯಸ್ಕಾಂತದಿಂದಲ್ಲ, ತಯಾರಕರ ಪರೀಕ್ಷಾ ಪತ್ರದಿಂದ ತಿಳಿಯಬೇಕು.

ಬಲದ ಲೆಕ್ಕದಲ್ಲಿ ಸ್ಟೇನ್‌ಲೆಸ್‌ಗೂ ಸಾಮಾನ್ಯ ಉಕ್ಕಿಗೂ ಇರುವ ದೊಡ್ಡ ವ್ಯತ್ಯಾಸ ಇದು. ಸಾಮಾನ್ಯ ಉಕ್ಕಿನ ಪಟ್ಟಿಯನ್ನು ಎಳೆದರೆ ಒಂದು ಹಂತದವರೆಗೆ ಅದು ಸ್ಪ್ರಿಂಗಿನ ನಿಯಮ ಪಾಲಿಸುತ್ತದೆ. ಆಮೇಲೆ ಥಟ್ಟನೆ ಮಣಿಯುತ್ತದೆ. ಮಣಿದ ಬಿಂದು ಸ್ಪಷ್ಟ. ಸ್ಟೇನ್‌ಲೆಸ್‌ಗೆ ಅಂಥ ಬಿಂದು ಇಲ್ಲ. ಅದು ಶುರುವಿನಿಂದಲೇ ಸ್ವಲ್ಪಸ್ವಲ್ಪ ಮಣಿಯುತ್ತಾ, ಮಣಿದಷ್ಟೂ ಗಟ್ಟಿಯಾಗುತ್ತಾ ಹೋಗುತ್ತದೆ. ಆದ್ದರಿಂದ ಶೇಕಡಾ 0.2ರಷ್ಟು ಉದ್ದ ಶಾಶ್ವತವಾಗಿ ಉಳಿದುಬಿಡುವ ಬಲವನ್ನೇ ಮಣಿಯುವ ಬಲವೆಂದು ಒಪ್ಪಂದ ಮಾಡಿಕೊಂಡಿದ್ದಾರೆ. 304ಕ್ಕೆ ಅದು ಚದರ ಮಿಲಿಮೀಟರಿಗೆ ಕನಿಷ್ಠ 205 ನ್ಯೂಟನ್. ಹರಿಯುವ ಬಲ ಕನಿಷ್ಠ 515. ಎರಡರ ನಡುವೆ ಎರಡೂವರೆ ಪಟ್ಟು ಅಂತರ. ಹರಿಯುವ ಮುನ್ನ ಅದು ತನ್ನ ಉದ್ದದ ಶೇಕಡಾ 40ಕ್ಕೂ ಹೆಚ್ಚು ಹಿಗ್ಗಬಲ್ಲದು.

ಈ ಗುಣ ಬೋಲ್ಟು ಕೂಡಿಕೆಗೆ ವರವೂ ಹೌದು, ತೊಡಕೂ ಹೌದು. ನಾಲ್ಕು ಬೋಲ್ಟಿರುವ ಕೂಡಿಕೆಯಲ್ಲಿ ಒಂದೇ ಬೋಲ್ಟಿಗೆ ಮೊದಲು ಹೊರೆ ಬಿದ್ದರೆ, ಅಲ್ಲಿನ ತೂತು ಹಿಗ್ಗಿ ಉಳಿದ ಮೂರಕ್ಕೆ ಹೊರೆ ಹಂಚುತ್ತದೆ. ಇದು ವರ. ಎಲ್ಲೂ ಹರಿಯದೆಯೇ ತೂತು ಮೊಟ್ಟೆಯಾಕಾರಕ್ಕೆ ತಿರುಗಿ ಇಡೀ ಚೌಕಟ್ಟು ಅಲುಗಾಡತೊಡಗುವುದು ತೊಡಕು.

ಕೂಡಿಕೆ ಸೋಲುವ ಬಗೆಗಳು

ಒಂದರ ಮೇಲೊಂದು ಇಟ್ಟು ಬೋಲ್ಟು ಬಿಗಿದ ಎರಡು ಪಟ್ಟಿಗಳನ್ನು ಎಳೆದರೆ ಸೋಲು ಹಲವು ಬಗೆಯಲ್ಲಿ ಬರಬಹುದು. ಬೋಲ್ಟೇ ಅಡ್ಡಕ್ಕೆ ಕತ್ತರಿಸಿಹೋಗಬಹುದು. ತೂತಿನಿಂದ ಸಣ್ಣದಾದ ಅಡ್ಡಗಲದಲ್ಲಿ ತಗಡು ಹರಿಯಬಹುದು. ತೂತಿಗೂ ತುದಿಗೂ ನಡುವಿನ ಲೋಹವನ್ನು ಸೀಳಿಕೊಂಡು ಬೋಲ್ಟು ಹೊರಗೆ ಬರಬಹುದು. ಹಲವು ಬೋಲ್ಟಿದ್ದರೆ ಅವುಗಳ ನಡುವಿನ ತಗಡು ಇಡಿಯಾಗಿ ಕಿತ್ತು ಬರಬಹುದು. ಅಥವಾ ಬೋಲ್ಟಿನ ಒತ್ತಿಗೆ ತೂತಿನ ಅಂಚಿನ ಲೋಹ ಜಜ್ಜಿ, ತೂತು ಉದ್ದವಾಗಬಹುದು. ಯಾವುದು ಮೊದಲು ಬರುತ್ತದೋ ಅದೇ ಕೂಡಿಕೆಯ ಬಲ.

ಒಂದು ಲೆಕ್ಕ ಮಾಡೋಣ. 304 ದರ್ಜೆಯ 1.5 ಮಿಲಿಮೀಟರ್ ಶೀಟು, 10 ಮಿಲಿಮೀಟರಿನ ಎ2-70 ಸ್ಟೇನ್‌ಲೆಸ್ ಬೋಲ್ಟು, 11 ಮಿಲಿಮೀಟರ್ ತೂತು. ತೂತಿನ ನಡುವಿನಿಂದ ಶೀಟಿನ ತುದಿಗೆ 33 ಮಿಲಿಮೀಟರ್, ಅಂದರೆ ತೂತಿನ ಮೂರು ಪಟ್ಟು. ಎ2-70 ಬೋಲ್ಟಿನ ಎಳೆತದ ಬಲ ಚದರ ಮಿಲಿಮೀಟರಿಗೆ 700 ನ್ಯೂಟನ್. ತಿರುಪಿನ ಮರೆ (ಥ್ರೆಡ್) ಇರುವ ಕಡೆ ಅದರ ಅಡ್ಡಕೊಯ್ತದ ವಿಸ್ತೀರ್ಣ 58 ಚದರ ಮಿಲಿಮೀಟರ್. ಕತ್ತರಿಸುವ ಬಲಕ್ಕೆ ಎಳೆತದ ಬಲದ ಹತ್ತರಲ್ಲಿ ಆರು ಭಾಗ ಹಿಡಿದರೆ ಬೋಲ್ಟು ಸುಮಾರು 24 ಕಿಲೋನ್ಯೂಟನ್ ತಡೆಯುತ್ತದೆ, ಅಂದರೆ ಸುಮಾರು 2,500 ಕಿಲೋ ತೂಕ.

ಇನ್ನು ತಗಡಿನ ಕಡೆ. ಯುರೋಪಿನ ಸ್ಟೇನ್‌ಲೆಸ್ ಸಂಹಿತೆ 2006ರಲ್ಲಿ ಒಂದು ಎಚ್ಚರ ವಹಿಸಿತು. ತೂತು ಬಹಳ ಹಿಗ್ಗಬಾರದು ಎಂಬ ಕಾರಣಕ್ಕೆ ಹರಿಯುವ ಬಲವನ್ನು ಪೂರ್ತಿ ಲೆಕ್ಕಕ್ಕೆ ತೆಗೆದುಕೊಳ್ಳದೆ, ಮಣಿಯುವ ಬಲದ ಅರ್ಧ, ಹರಿಯುವ ಬಲದ ಹತ್ತರಲ್ಲಿ ಆರು ಭಾಗ, ಇವೆರಡರ ಮೊತ್ತವನ್ನು ಹಿಡಿಯಿರಿ ಎಂದಿತು. ನಮ್ಮ ಅಂಕಿಗಳಿಂದ ಅದು ಸುಮಾರು 411 ಬರುತ್ತದೆ. ಇದನ್ನು ಬೋಲ್ಟಿನ ವ್ಯಾಸ, ತಗಡಿನ ದಪ್ಪ, ಮತ್ತೆ ಎರಡೂವರೆಯಿಂದ ಗುಣಿಸಿದರೆ 15.4 ಕಿಲೋನ್ಯೂಟನ್, ಅಂದರೆ ಸುಮಾರು 1,570 ಕಿಲೋ. ಸುರಕ್ಷತೆಯ ಗುಣಕಗಳನ್ನು ಇನ್ನೂ ಸೇರಿಸಿಲ್ಲ. ಬೋಲ್ಟಿನ ಬಲದ ಮೂರನೆಯ ಒಂದು ಭಾಗಕ್ಕೂ ಹೆಚ್ಚು ಬಳಕೆಗೇ ಬರದೆ ಉಳಿಯಿತು. ತುದಿಯ ದೂರವನ್ನು 33ರಿಂದ 16.5ಕ್ಕೆ ಇಳಿಸಿದರೆ ತಗಡಿನ ಬಲ ನೇರವಾಗಿ ಅರ್ಧವಾಗುತ್ತದೆ. ಅದೇ ಶೀಟು 3 ಮಿಲಿಮೀಟರ್ ಇದ್ದಿದ್ದರೆ ತಗಡಿನ ಬಲ 31 ಕಿಲೋನ್ಯೂಟನ್ನಿನ ಹತ್ತಿರ ಬಂದು, ಆಗ ಬೋಲ್ಟು ಮೊದಲು ಸೋಲುತ್ತಿತ್ತು. ಒಂದೂವರೆ ಮಿಲಿಮೀಟರ್ ದಪ್ಪದ ವ್ಯತ್ಯಾಸ ಸೋಲಿನ ಜಾಗವನ್ನೇ ಬದಲಿಸುತ್ತದೆ. ಗ್ರಾಹಕರು ಬೋಲ್ಟಿನ ಗಾತ್ರ ಕೇಳುತ್ತಾರೆ. ಕೇಳಬೇಕಾದದ್ದು ಶೀಟಿನ ಗೇಜು, ಅಂದರೆ ದಪ್ಪ, ಮತ್ತು ತುದಿಯ ದೂರ.

ತುದಿ ಏಳುವುದು

ಈಗ ಉಪನ್ಯಾಸದ ಹೃದಯಕ್ಕೆ ಬರುತ್ತೇನೆ. ಹಾಗಾದರೆ ತುದಿಯ ದೂರವನ್ನು ಹೆಚ್ಚಿಸುತ್ತಾ ಹೋದರೆ ಬಲ ಹೆಚ್ಚುತ್ತಾ ಹೋಗುತ್ತದೆಯೇ? ದಪ್ಪ ಪ್ಲೇಟಿನಲ್ಲಿ ಒಂದು ಮಿತಿಯವರೆಗೆ ಹೌದು. ತೆಳು ತಗಡಿನಲ್ಲಿ ಬೇರೆಯೇ ಒಂದು ಸೋಲು ನಡುವೆ ಬರುತ್ತದೆ.

ತಗಡನ್ನು ಎಳೆದಾಗ ಬೋಲ್ಟು ತೂತಿನ ಹಿಂದಿನ ಲೋಹವನ್ನು ತುದಿಯ ಕಡೆಗೆ ನೂಕುತ್ತದೆ. ಇಡೀ ಪಟ್ಟಿ ಎಳೆತದಲ್ಲಿದ್ದರೂ ತೂತಿಗೂ ತುದಿಗೂ ನಡುವಿನ ಆ ಚಿಕ್ಕ ತುಂಡು ಮಾತ್ರ ಒತ್ತಡದಲ್ಲಿರುತ್ತದೆ. ಆಹ್ವಾನ ಪತ್ರಿಕೆಯ ಕಾರ್ಡನ್ನು ಮೇಜಿನ ಮೇಲೆ ನಿಲ್ಲಿಸಿ ಬೆರಳಿನಿಂದ ಮೇಲಿಂದ ಒತ್ತಿ ನೋಡಿ, ಅದು ಜಜ್ಜುವುದಿಲ್ಲ, ಪಕ್ಕಕ್ಕೆ ಬಾಗುತ್ತದೆ. ತಗಡಿನ ತುದಿಯೂ ಹಾಗೆಯೇ ಬಾಗಿ ಮೇಲಕ್ಕೇಳುತ್ತದೆ. ಒಂದರ ಮೇಲೊಂದು ಇಟ್ಟ ಎರಡು ತಗಡುಗಳಲ್ಲಿ ಎಳೆತದ ರೇಖೆಗಳು ಒಂದೇ ಸಮತಲದಲ್ಲಿ ಇರುವುದಿಲ್ಲ, ದಪ್ಪದಷ್ಟು ಆಚೀಚೆ ಇರುತ್ತವೆ. ಅದರಿಂದ ಬೋಲ್ಟು ವಾಲುತ್ತದೆ, ತಲೆಯ ಒಂದು ಪಕ್ಕ ತಗಡಿನೊಳಗೆ ಹೂಳುತ್ತದೆ, ಏಳುವ ತುದಿಗೆ ಇನ್ನಷ್ಟು ನೂಕು ಸಿಗುತ್ತದೆ. ತುದಿ ಒಮ್ಮೆ ಎದ್ದಮೇಲೆ ಬೋಲ್ಟಿಗೂ ತಗಡಿಗೂ ಇದ್ದ ಸರಿಯಾದ ಒತ್ತು ತಪ್ಪುತ್ತದೆ. ಲೆಕ್ಕ ಹೇಳಿದ ಬಲ ಬರುವ ಮೊದಲೇ ಕೂಡಿಕೆ ಸೋಲುತ್ತದೆ.

ಜಪಾನಿನ ಟೋಕಿಯೋ ವಿಶ್ವವಿದ್ಯಾಲಯದಲ್ಲಿ ಕುವಾಮುರ ಹಿತೋಶಿ ಅವರು ಈ ಶತಮಾನದ ಆರಂಭದಲ್ಲಿ ತೆಳು ಸ್ಟೇನ್‌ಲೆಸ್ ತಗಡಿನ ಬೋಲ್ಟು ಕೂಡಿಕೆಗಳನ್ನು ಎಳೆದು ಪರೀಕ್ಷಿಸಿ ಇದನ್ನು ಗುರುತಿಸಿದರು. ಅವರೊಂದಿಗೆ ಕೆಲಸ ಮಾಡಿದ ಕೊರಿಯಾದ ಕಿಮ್ ತೇ ಸೂ 2007ರಲ್ಲಿ ಅದೇ ಕೂಡಿಕೆಗಳನ್ನು ಕಂಪ್ಯೂಟರಿನಲ್ಲಿ ಸಣ್ಣ ಸಣ್ಣ ಘಟಕಗಳಾಗಿ ಒಡೆದು ಲೆಕ್ಕ ಹಾಕಿ, ಪರೀಕ್ಷೆಯ ಫಲಿತಾಂಶದೊಂದಿಗೆ ಹೋಲಿಸಿದರು. ತುದಿ ಏಳದಂತೆ ಹಿಡಿದ ಕೂಡಿಕೆ, ಏಳಲು ಬಿಟ್ಟ ಕೂಡಿಕೆ, ಎರಡನ್ನೂ ಪಕ್ಕಪಕ್ಕ ಇಟ್ಟರೆ ಬಿಟ್ಟದ್ದರ ಬಲ ಕಡಿಮೆ. ತುದಿಯ ದೂರ ಹೆಚ್ಚಿದ ಕೂಡಿಕೆಗಳಲ್ಲೇ ಇದು ಎದ್ದು ಕಾಣುತ್ತದೆ. ತುದಿ ಏಳುವುದನ್ನು ಲೆಕ್ಕಕ್ಕೆ ಹಿಡಿಯದ ಸೂತ್ರ ಅಂಥ ಕಡೆ ಇಲ್ಲದ ಬಲವನ್ನು ಇದೆ ಎಂದು ಹೇಳಿಬಿಡುತ್ತದೆ.

ಇಂಗ್ಲೆಂಡಿನಲ್ಲಿ ಸಲೀಹ್, ಗಾರ್ಡ್ನರ್, ನೆದರ್ಕಾಟ್ ಇವರು 2010–11ರಲ್ಲಿ ಪ್ರಕಟಿಸಿದ ಅಧ್ಯಯನಗಳು ಇನ್ನೊಂದು ಅಂಶವನ್ನು ಸ್ಪಷ್ಟ ಮಾಡಿದವು: ಕೂಡಿಕೆ ಕೊನೆಗೆ ಎಷ್ಟು ಹೊರುತ್ತದೆ ಎಂಬುದು ಒಂದು ಪ್ರಶ್ನೆ, ಎಷ್ಟು ಹಿಗ್ಗುವವರೆಗೆ ನಾವು ಸಹಿಸುತ್ತೇವೆ ಎಂಬುದು ಬೇರೆ ಪ್ರಶ್ನೆ. ಅಮೆರಿಕದ ಪದ್ಧತಿಯಲ್ಲಿ ತೂತು ಕಾಲು ಇಂಚು, ಅಂದರೆ 6.35 ಮಿಲಿಮೀಟರ್ ಹಿಗ್ಗುವುದನ್ನು ಮಿತಿಯಾಗಿ ಹಿಡಿಯುವ ರೂಢಿ ಇದೆ. ನೀರಿನ ತೊಟ್ಟಿಯ ಜೋಡಣೆಗೆ ಅಷ್ಟು ಹಿಗ್ಗಿದರೆ ಸೋರಿಕೆ. ಚೌಕಟ್ಟಿಗಾದರೆ ನಡೆಯಬಹುದು. ಕೆಲಸ ಯಾವುದು ಎಂದು ತಿಳಿದಮೇಲೆಯೇ ಮಿತಿ ಹಾಕಬೇಕು.

ನಮ್ಮ ಭಾರತೀಯ ಸಂಹಿತೆಗಳಲ್ಲಿ ಐಎಸ್ 800 ಮುಖ್ಯವಾಗಿ ಸಾಮಾನ್ಯ ಉಕ್ಕಿನ ಕಟ್ಟಡಗಳಿಗೆ, ಐಎಸ್ 801 ತೆಳುವಾಗಿ ಮಡಿಸಿದ ಸಾಮಾನ್ಯ ಉಕ್ಕಿಗೆ. ಇವೆರಡರ ಸೂತ್ರಗಳನ್ನು ತೆಳು ಸ್ಟೇನ್‌ಲೆಸ್‌ಗೆ ಕಣ್ಣುಮುಚ್ಚಿ ಅನ್ವಯಿಸಬಾರದು.

ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳಲ್ಲಿ

ಇದೆಲ್ಲ ನಮಗೇಕೆ? ನಮ್ಮ ಹಳ್ಳಿಗಳ ಹಾಲಿನ ಸಂಘಗಳಲ್ಲಿ ಹಾಲು ತಂಪು ಮಾಡುವ ಬಿಎಂಸಿ ತೊಟ್ಟಿಗಳು ಸ್ಟೇನ್‌ಲೆಸ್. ಹಾಲು ತಾಗುವ ಒಳಮೈಯಲ್ಲಿ ಬೋಲ್ಟಿನ ಸಂದಿರಬಾರದು, ಅಲ್ಲಿ ಹಾಲಿನ ಜಿಡ್ಡು ಸೇರುತ್ತದೆ, ಹಾಗಾಗಿ ಅದು ಬೆಸುಗೆಯದೇ ಆಗಬೇಕು. ಕಾಲು, ಬ್ರಾಕೆಟ್ಟು, ಕಲಕುವ ಮೋಟಾರಿನ ಚೌಕಟ್ಟು ಇವುಗಳಲ್ಲಿ ಬೋಲ್ಟು ಬರುತ್ತದೆ. ಅಲ್ಲಿ ಸತುವಿನ ಲೇಪದ ಕಬ್ಬಿಣದ ಬೋಲ್ಟು ಹಾಕಬೇಡಿ. ದಿನವೂ ನೀರು ಸುರಿಯುವ ನೆಲದಲ್ಲಿ ದೊಡ್ಡ ಸ್ಟೇನ್‌ಲೆಸ್ ಮೈಗೆ ತಾಗಿದ ಸಣ್ಣ ಕಬ್ಬಿಣದ ಬೋಲ್ಟು ಬ್ಯಾಟರಿಯ ಒಂದು ಧ್ರುವದಂತೆ ವರ್ತಿಸಿ ಬೇಗ ಸವೆದುಹೋಗುತ್ತದೆ. ಬ್ಲೀಚಿಂಗ್ ಪೌಡರಿನ ನೀರನ್ನು ವಾಷರಿನಡಿ ನಿಲ್ಲಲು ಬಿಟ್ಟರೆ ಸ್ಟೇನ್‌ಲೆಸ್‌ನಲ್ಲೂ ಗುಳಿ ಬೀಳುತ್ತದೆ.

ಕೊಳ್ಳೇಗಾಲ, ಮಾಂಬಳ್ಳಿಗಳು ರೇಷ್ಮೆನೂಲು ತೆಗೆಯುವ ಊರುಗಳು. ಗೂಡು ಬೇಯಿಸುವ, ನೂಲು ಬಿಚ್ಚುವ ಬೇಸಿನ್ನುಗಳನ್ನು ಸ್ಟೇನ್‌ಲೆಸ್‌ನಲ್ಲಿ ಮಾಡಿಸುವವರಿಗೆ ಒಂದು ಎಚ್ಚರಿಕೆ ಹೇಳಬೇಕು. ನೀರಿನಲ್ಲಿ ಕ್ಲೋರೈಡ್ ಉಪ್ಪು ಹೆಚ್ಚಿದ್ದು, ಬಿಸಿ 50–60 ಡಿಗ್ರಿ ದಾಟಿ, ಬಿಗಿದ ಬೋಲ್ಟಿನ ಎಳೆತವೂ ಸೇರಿದರೆ 304 ಉಕ್ಕು ಸದ್ದಿಲ್ಲದೆ ಬಿರುಕು ಬಿಡಬಹುದು. ಬೋರ್‌ವೆಲ್ ನೀರನ್ನು ಪರೀಕ್ಷೆ ಮಾಡಿಸಿಕೊಂಡು ದರ್ಜೆ ಆರಿಸಿ. ಬೋಲ್ಟುಗಳು ನೀರಿನ ಮಟ್ಟದಿಂದ ಮೇಲಿರಲಿ.

ಬೆಟ್ಟಗಳ ಕಡೆ ನೋಡೋಣ. ಮಹದೇಶ್ವರ ಬೆಟ್ಟದಲ್ಲಿ ಶಿವರಾತ್ರಿ, ಯುಗಾದಿ, ದೀಪಾವಳಿಗೆ ಜನಸಾಗರ. ಬಿಳಿಗಿರಿರಂಗನ ಬೆಟ್ಟದಲ್ಲಿ ತೇರಿನ ದಿನ ಹಾಗೆಯೇ. ಸಾಲಿನ ಕಟಕಟೆಗೆ ಜನ ಒರಗುತ್ತಾರೆ, ನೂಕುನುಗ್ಗಲಾದರೆ ಇಡೀ ಸಾಲಿನ ಭಾರ ಅದರ ಮೇಲೆ. ಗುಂಪು ಸೇರುವ ಜಾಗದ ಕಟಕಟೆಗೆ ಐಎಸ್ 875 ಮೀಟರಿಗೆ 2.25 ಕಿಲೋನ್ಯೂಟನ್, ಸುಮಾರು 230 ಕಿಲೋ, ಪಕ್ಕದ ಹೊರೆ ಹಿಡಿಯಲು ಹೇಳುತ್ತದೆ. ಒಂದೂವರೆ ಮೀಟರಿಗೊಂದು ಕಂಬ, 1.1 ಮೀಟರ್ ಎತ್ತರ, ಬುಡದ ಪ್ಲೇಟಿನಲ್ಲಿ ಬೋಲ್ಟಿನ ಎರಡು ಸಾಲುಗಳ ನಡುವೆ 100 ಮಿಲಿಮೀಟರ್ ಎಂದುಕೊಳ್ಳಿ. ಮೇಲೆ ಬಿದ್ದ ಹೊರೆ ಬುಡದ ಬೋಲ್ಟುಗಳಲ್ಲಿ ಹನ್ನೊಂದು ಪಟ್ಟಾಗಿ, ಸುಮಾರು 3,800 ಕಿಲೋ ಎಳೆತವಾಗುತ್ತದೆ. ಪೈಪು ಎಷ್ಟೇ ಹೊಳೆಯಲಿ, ಬುಡದ ಪ್ಲೇಟು ತೆಳುವಿದ್ದರೆ ಅದು ಬಾಗಿ ಬೋಲ್ಟನ್ನು ಮೀಟುತ್ತದೆ. ಬಿಸಿಲಿನ ಲೆಕ್ಕವೂ ಸೇರಲಿ: 6 ಮೀಟರ್ ಉದ್ದದ ಸ್ಟೇನ್‌ಲೆಸ್ ಪೈಪು ಬಿಸಿ 30 ಡಿಗ್ರಿ ಏರಿದರೆ 3 ಮಿಲಿಮೀಟರ್ ಹಿಗ್ಗುತ್ತದೆ. ಸಾಮಾನ್ಯ ಉಕ್ಕು ಹಿಗ್ಗುವುದು ಎರಡು ಚಿಲ್ಲರೆ. ಒಂದು ತುದಿಯಲ್ಲಾದರೂ ಉದ್ದ ತೂತು ಇರದಿದ್ದರೆ ಆ ಹಿಗ್ಗು ಕೂಡಿಕೆಯನ್ನೇ ತಿನ್ನುತ್ತದೆ.

ವರ್ಕ್‌ಶಾಪಿನ ಗೆಳೆಯರಿಗೆ

ತುದಿಯ ದೂರ ತೂತಿನ ಎರಡೂವರೆ, ಮೂರು ಪಟ್ಟು ಇರಲಿ, ಅದಕ್ಕಿಂತ ಉದ್ದ ಬಿಟ್ಟು ಬಲ ಬಂತೆಂದು ತಿಳಿಯಬೇಡಿ. ತುದಿ ಏಳದಂತೆ ತಡೆಯುವುದೇ ಒಳ್ಳೆಯ ದಾರಿ: ತಲೆಗೂ ನಟ್ಟಿಗೂ ಅಗಲ ವಾಷರು ಕೊಡಿ, ತಗಡಿನ ಅಂಚನ್ನು ಮಡಿಸಿ, ಸಾಧ್ಯವಿದ್ದಲ್ಲಿ ತೆಳು ತಗಡನ್ನು ಎರಡು ಪಟ್ಟಿಗಳ ನಡುವೆ ಇಟ್ಟು ಬಿಗಿಯಿರಿ. ಹಾಗೆ ಇಟ್ಟಾಗ ಎಳೆತ ಒಂದೇ ರೇಖೆಗೆ ಬಂದು, ತುದಿ ಏಳಲು ಜಾಗವೇ ಇರುವುದಿಲ್ಲ. ಒಂದು ದೊಡ್ಡ ಬೋಲ್ಟಿಗಿಂತ ಸರಿಯಾದ ಅಂತರದ ಎರಡು ಸಣ್ಣ ಬೋಲ್ಟು ತೆಳು ತಗಡಿಗೆ ಹಿತ.

ತೂತು ಕೊರೆಯುವಾಗ ವೇಗ ಕಡಿಮೆಯಿರಲಿ, ಒತ್ತು ಸಡಿಲವಾಗದಿರಲಿ, ಡ್ರಿಲ್ ಬಿಟ್ ಹರಿತವಾಗಿರಲಿ. ಬಿಟ್ ಕೊರೆಯದೆ ಸುಮ್ಮನೆ ಉಜ್ಜಿದರೆ ಆ ಜಾಗ ಗಟ್ಟಿಯಾಗಿ ಮುಂದೆ ಕೊರೆಯುವುದೇ ಕಷ್ಟ. ಕಬ್ಬಿಣ ಕತ್ತರಿಸಿದ ಚಕ್ರವನ್ನೇ ಸ್ಟೇನ್‌ಲೆಸ್‌ಗೆ ಹಾಕಬೇಡಿ, ಅಂಟಿದ ಕಬ್ಬಿಣದ ಪುಡಿ ತುಕ್ಕಿನ ಚುಕ್ಕೆಯಾಗುತ್ತದೆ. ಸ್ಟೇನ್‌ಲೆಸ್ ನಟ್ಟು ಬೋಲ್ಟಿನ ಮರೆ ಒಂದಕ್ಕೊಂದು ಕಚ್ಚಿಕೊಂಡು ಬಿಚ್ಚಲೂ ಬಾರದೆ, ಬಿಗಿಯಲೂ ಬಾರದೆ ನಿಲ್ಲುವುದು ನಿಮಗೆ ಗೊತ್ತೇ ಇದೆ. ಮರೆಗೆ ಲೂಬ್ರಿಕೆಂಟು ಹಚ್ಚಿ, ಇಂಪ್ಯಾಕ್ಟ್ ಗನ್ ಬಿಟ್ಟು ಕೈಯಲ್ಲಿ ನಿಧಾನವಾಗಿ ತಿರುಗಿಸಿ.

ಕೊನೆಯದಾಗಿ ಎರಡು ಬೇಡಿಕೆ. ಮೊದಲನೆಯದು ಶಿಕ್ಷಕರಿಗೆ ಮತ್ತು ವಿದ್ಯಾರ್ಥಿಗಳಿಗೆ. ಎಂಜಿನಿಯರಿಂಗ್ ಕಾಲೇಜುಗಳ ಪ್ರಯೋಗಾಲಯದಲ್ಲಿ ಎಳೆತ ಪರೀಕ್ಷೆಯ ಯಂತ್ರ ಇರುತ್ತದೆ. ಕೊಳ್ಳೇಗಾಲದ ಅಂಗಡಿಯಿಂದಲೇ ಕೊಂಡ ಶೀಟಿನ ಪಟ್ಟಿಗಳನ್ನು ಎರಡು ದಪ್ಪದಲ್ಲಿ, ಮೂರು ತುದಿಯ ದೂರದಲ್ಲಿ, ವಾಷರು ಇಟ್ಟೂ ಇಡದೆಯೂ ಎಳೆದು ನೋಡಿ. ತುದಿ ಎಷ್ಟು ಹೊರೆಗೆ ಏಳತೊಡಗಿತು ಎಂದು ಅಳೆದು, ಚಿತ್ರ ಸಮೇತ ಕನ್ನಡದಲ್ಲಿ ಬರೆದು ವರ್ಕ್‌ಶಾಪುಗಳಿಗೆ ಹಂಚಿ. ಟೋಕಿಯೋದ ಫಲಿತಾಂಶ ನಮಗೆ ದಾರಿ ತೋರಿಸುತ್ತದೆ. ನಮ್ಮ ಅಂಗಡಿಯ ಶೀಟು ಎಂಥದು ಎಂದು ಹೇಳಬೇಕಾದವರು ನಾವೇ.

ಎರಡನೆಯದು ಕೊಳ್ಳುವವರಿಗೆ, ಮಾರುವವರಿಗೆ. ದೇವಸ್ಥಾನದ ಕಟಕಟೆಯಿರಲಿ, ಹಾಲಿನ ಸಂಘದ ತೊಟ್ಟಿಯ ಚೌಕಟ್ಟಿರಲಿ, ಬಿಲ್ಲಿನಲ್ಲಿ ಕಿಲೋ ಬೆಲೆಯ ಜೊತೆಗೆ ಮೂರು ವಿವರ ಬರೆಯಲಿ: ಉಕ್ಕಿನ ದರ್ಜೆ, ತಗಡಿನ ದಪ್ಪ, ತುದಿಯ ದೂರ. ಬರೆದುಕೊಟ್ಟವರು ಅದಕ್ಕೆ ಹೊಣೆಯಾಗುತ್ತಾರೆ, ಓದಿಕೊಂಡವರು ಕೇಳುವ ಧೈರ್ಯ ಪಡೆಯುತ್ತಾರೆ. ಜನರ ಹಣದಿಂದ, ಜನರ ಭಾರ ಹೊರಲು ಮಾಡಿದ ಕೆಲಸಕ್ಕೆ ಅಷ್ಟು ಲೆಕ್ಕ ಸಲ್ಲಲೇಬೇಕು.